ಒಂದೂವರೆ ಮಾರಿನ ದೂರ: ಬೀದಿ ಛಾಯಾಗ್ರಹಣಕ್ಕೊಂದು ಸಮಗ್ರ ಮಾರ್ಗದರ್ಶಿ

1932ರಲ್ಲಿ ಪ್ಯಾರಿಸ್‌ನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂಬದಿಯಲ್ಲಿ ಫ್ರೆಂಚ್ ಛಾಯಾಗ್ರಾಹಕ ಹೆನ್ರಿ ಕಾರ್ಟಿಯರ್-ಬ್ರೆಸ್ಸನ್ ತೆಗೆದ ಚಿತ್ರವನ್ನು ಬೀದಿ ಛಾಯಾಗ್ರಹಣದ ಗೀಳು ಹತ್ತಿದವರೆಲ್ಲ ಒಮ್ಮೆಯಾದರೂ ನೋಡಿರುತ್ತಾರೆ. ನಿಂತ ನೀರಿನ ಮೇಲೆ ಒಬ್ಬಾತ ಜಿಗಿದಿದ್ದಾನೆ. ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು. ಹಿಂದಿನ ಗೋಡೆಯ ಪೋಸ್ಟರಿನಲ್ಲೂ ನರ್ತಿಸುವ ಆಕೃತಿಯೊಂದು ಅದೇ ರೀತಿ ಜಿಗಿದಿದೆ. ಇದು ಬರೀ ಅದೃಷ್ಟ ಎಂದುಕೊಂಡವರು ಬಹಳ. ಆದರೆ ಬ್ರೆಸ್ಸನ್ ಬೇಲಿ ಹಲಗೆಗಳ ಸಂದಿಗೆ ಲೆನ್ಸ್ ಒಡ್ಡಿ ನಿಂತಿದ್ದರು. ನೆಗೆಟಿವ್‌ನ ಎಡಭಾಗಕ್ಕೆ ಹಲಗೆ ಅಡ್ಡ ಬಂದಿದ್ದರಿಂದ ಅಷ್ಟನ್ನು ಕತ್ತರಿಸಿ ಮುದ್ರಿಸಬೇಕಾಯಿತು. ಚಿತ್ರವನ್ನು ಕತ್ತರಿಸಲೇಬಾರದೆಂದು ಹಟ ಹಿಡಿದಿದ್ದವರ ಅತಿ ಪ್ರಸಿದ್ಧ ಚಿತ್ರವೇ ಕತ್ತರಿಸಿದ್ದು!

1952ರಲ್ಲಿ ಬಂದ ಅವರ ಪುಸ್ತಕದ ಫ್ರೆಂಚ್ ಹೆಸರಿಗೆ ಹೆಚ್ಚುಕಡಿಮೆ ‘ಅವಸರದಲ್ಲಿ ಕದ್ದು ತೆಗೆದ ಚಿತ್ರಗಳು’ ಎಂಬ ಅರ್ಥವಿತ್ತು. ಅಮೆರಿಕದ ಆವೃತ್ತಿಗೆ ‘ನಿರ್ಣಾಯಕ ಕ್ಷಣ’ ಎಂಬ ಹೆಸರಿಟ್ಟರು. ಅಲ್ಲಿಂದ ಇಲ್ಲಿಯವರೆಗೆ ಹೊಸಬರು ಕ್ಷಣದ ಬೆನ್ನು ಹತ್ತಿ ಓಡುತ್ತಲೇ ಇದ್ದಾರೆ. ಓಡಿದರೆ ಸಿಗುವುದು ಜನರ ಬೆನ್ನು ಮಾತ್ರ. ಕ್ಷಣ ಬರುವ ಮೊದಲೇ ದೂರ, ಬೆಳಕು ಮತ್ತು ನಿಲ್ಲುವ ಜಾಗ ಮೂರೂ ತೀರ್ಮಾನವಾಗಿರಬೇಕು. ಬೆರಳು ಒತ್ತುವ ಕೆಲಸ ಕೊನೆಯದು, ಎಲ್ಲಕ್ಕಿಂತ ಸಣ್ಣದು.

ಒಂದು ಕ್ಯಾಮೆರಾ, ಒಂದು ಲೆನ್ಸ್

ಇದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಫುಲ್ ಫ್ರೇಮ್ (ಹಳೆಯ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾ ಇದ್ದರೆ 28 ಅಥವಾ 35 ಮಿ.ಮೀ ಲೆನ್ಸ್, ಅದಕ್ಕಿಂತ ಚಿಕ್ಕ ಎಪಿಎಸ್-ಸಿ ಸೆನ್ಸರ್ ಆದರೆ 18 ಅಥವಾ 23 ಮಿ.ಮೀ; ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. ಬ್ರೆಸ್ಸನ್ ಹೆಚ್ಚಾಗಿ ಬಳಸಿದ್ದು 50 ಮಿ.ಮೀ. ಆದರೆ ಅದು ಕಲಿಯುವವರಿಗೆ ಕಷ್ಟದ ಲೆನ್ಸ್, ಕಾರಣ ಮುಂದೆ ಬರುತ್ತದೆ. ಮನೆಯಲ್ಲಿ 18-55 ಕಿಟ್ ಲೆನ್ಸ್ ಮಾತ್ರ ಇದ್ದರೂ ಚಿಂತೆಯಿಲ್ಲ. ಅದನ್ನು 18ಕ್ಕೆ ತಿರುಗಿಸಿ, ಝೂಮ್ ರಿಂಗ್ ಮೇಲೆ ಎಲೆಕ್ಟ್ರಿಷಿಯನ್ ಬಳಸುವ ಕಪ್ಪು ಟೇಪು ಸುತ್ತಿಬಿಡಿ. ಝೂಮ್ ಮಾಡುವ ಆಸೆ ಇರುವತನಕ ಕಾಲು ಮುಂದೆ ಹೋಗುವುದಿಲ್ಲ.

ಮೊಬೈಲ್ ಆದರೂ ಆದೀತು. ಮುಖ್ಯ ಕ್ಯಾಮೆರಾದ ನೋಟ ಬಹುತೇಕ ಫೋನ್‌ಗಳಲ್ಲಿ 24ರಿಂದ 26 ಮಿ.ಮೀ.ಗೆ ಸಮ. ಸೆನ್ಸರ್ ಚಿಕ್ಕದಾದ್ದರಿಂದ ಹತ್ತಿರದ್ದೂ ದೂರದ್ದೂ ತಾನಾಗಿಯೇ ಸ್ಪಷ್ಟವಾಗಿರುತ್ತದೆ. ಮೂರು ವಿಷಯ ನೋಡಿಕೊಳ್ಳಿ. ನೈಟ್ ಮೋಡ್ ಆಫ್ ಮಾಡಿ. ಅದು ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವುದರಿಂದ ನಡೆಯುವವರು ಕಲಸಿಹೋಗುತ್ತಾರೆ. ಪೋರ್ಟ್ರೇಟ್ ಮೋಡ್ ಬೇಡ. ಜೇಬಿನಿಂದ ತೆಗೆದಾಗಲೆಲ್ಲ ಲೆನ್ಸ್ ಒರೆಸಿ; ದೀಪದಿಂದ ಉದ್ದುದ್ದ ಗೆರೆ ಎಳೆದಂತೆ ಕಾಣುವುದು ಬಹುತೇಕ ಬೆರಳಿನ ಜಿಡ್ಡಿನಿಂದ.

ಮಾರು ಲೆಕ್ಕ

ಆಟೋಫೋಕಸ್ ಇರುವಾಗ ದೂರ ಅಳೆಯುವುದೇಕೆ? ಸಂತೆಯಲ್ಲಿ ಕ್ಯಾಮೆರಾಗೆ ಯಾರ ಮುಖ ಮುಖ್ಯ ಎಂದು ಗೊತ್ತಾಗುವುದಿಲ್ಲ. ನಡುವೆ ಒಂದು ಭುಜ ಹಾದುಹೋದರೆ ಫೋಕಸ್ ಅತ್ತ ಜಿಗಿಯುತ್ತದೆ, ಮರಳಿ ಬರುವಷ್ಟರಲ್ಲಿ ನೋಡಿದ್ದು ಮುಗಿದಿರುತ್ತದೆ. ಅದಕ್ಕೇ ಬೀದಿಯವರು ಹಿಂದಿನಿಂದಲೂ ವಲಯ ಫೋಕಸ್ ಬಳಸುತ್ತಾರೆ. ಒಂದು ದೂರಕ್ಕೆ ಲೆನ್ಸ್ ಕಟ್ಟಿಟ್ಟು, ಆ ವಲಯದೊಳಗೆ ಬಂದವರನ್ನಷ್ಟೇ ತೆಗೆಯುವುದು.

ಮೀಟರ್ ಲೆಕ್ಕ ಕಣ್ಣಿಗೆ ಬೇಗ ಹತ್ತುವುದಿಲ್ಲ. ಹೂವಾಡಗಿತ್ತಿಯ ಅಳತೆ ಹತ್ತುತ್ತದೆ. ಒಂದು ಮೊಳ ಎಂದರೆ ಒಂದೂವರೆ ಅಡಿ, ನಾಲ್ಕು ಮೊಳಕ್ಕೆ ಒಂದು ಮಾರು, ಅಂದರೆ ಆರು ಅಡಿ, ಸುಮಾರು 1.8 ಮೀಟರ್. ನಾವು ಕಟ್ಟಿಡುವ ದೂರ 2.5 ಮೀಟರ್, ಒಂದೂವರೆ ಮಾರಿಗೆ ತುಸು ಕಡಿಮೆ. ಅಪರ್ಚರ್, ಅಂದರೆ ಲೆನ್ಸಿನ ಬೆಳಕಿಂಡಿಯನ್ನು, ಎಫ್ 8ಕ್ಕೆ ಇಟ್ಟು (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು, ಸ್ಪಷ್ಟ ವಲಯ ಅಗಲ) ಅಷ್ಟು ದೂರಕ್ಕೆ ಫೋಕಸ್ ಮಾಡಿದರೆ:

- ಫುಲ್ ಫ್ರೇಮ್‌ನಲ್ಲಿ 28 ಮಿ.ಮೀ ಲೆನ್ಸ್: 1.4 ಮೀಟರಿನಿಂದ 10 ಮೀಟರಿನವರೆಗೆ ಸ್ಪಷ್ಟ. ಅಂದರೆ ಮೂರು ಮೊಳದಿಂದ ಐದೂವರೆ ಮಾರು.
- 35 ಮಿ.ಮೀ: 1.7ರಿಂದ 4.9 ಮೀಟರ್. ಎಫ್ 11ಕ್ಕೆ ಇಳಿಸಿದರೆ 1.5ರಿಂದ 7.5 ಮೀಟರ್.
- ಎಪಿಎಸ್-ಸಿಯಲ್ಲಿ 18 ಮಿ.ಮೀ: 2 ಮೀಟರಿಗೆ ಫೋಕಸ್ ಮಾಡಿದರೆ ಒಂದು ಮೀಟರಿನಿಂದ ಹಿಡಿದು ದಿಗಂತದವರೆಗೂ ಸಾಕಷ್ಟು ಸ್ಪಷ್ಟ.

50 ಮಿ.ಮೀ ಕಷ್ಟ ಎಂದದ್ದು ಇದಕ್ಕೇ. ಎಫ್ 8ರಲ್ಲಿ ಅದರ ಹೈಪರ್‌ಫೋಕಲ್ ದೂರ, ಅಂದರೆ ಎಷ್ಟಕ್ಕೆ ಫೋಕಸ್ ಮಾಡಿದರೆ ದಿಗಂತವೂ ಸ್ಪಷ್ಟವಾಗುತ್ತದೋ ಆ ದೂರ, 10 ಮೀಟರ್ ದಾಟುತ್ತದೆ. ಹತ್ತಿರದಲ್ಲಿ ವಲಯ ಎಷ್ಟು ಕಿರಿದೆಂದರೆ ಅಂದಾಜು ಎರಡು ಗೇಣು ತಪ್ಪಿದರೂ ಮೂಗು ಮಸುಕು.

ಇದೇ ದೂರದಿಂದ ಇನ್ನೊಂದು ಲಾಭವಿದೆ. 28 ಮಿ.ಮೀ ಲೆನ್ಸನ್ನು ಅಡ್ಡಲಾಗಿ ಹಿಡಿದರೆ 2.5 ಮೀಟರ್ ದೂರದಲ್ಲಿ ಚೌಕಟ್ಟಿನ ಎತ್ತರ 2.1 ಮೀಟರ್, ಅಗಲ 3.2 ಮೀಟರ್. ನಿಂತ ಮನುಷ್ಯ ತಲೆಯಿಂದ ಪಾದದವರೆಗೆ ಹಿಡಿಸುತ್ತಾನೆ, ಪಕ್ಕದಲ್ಲಿ ಇನ್ನಿಬ್ಬರಿಗೆ ಜಾಗ ಉಳಿಯುತ್ತದೆ. 35 ಮಿ.ಮೀ.ಗೆ ಇದೇ ಚೌಕಟ್ಟು ಬೇಕಾದರೆ 3 ಮೀಟರ್ ದೂರದಲ್ಲಿರಬೇಕು, 2.5ರಲ್ಲೇ ನಿಂತರೆ ಕಣಕಾಲು ಹೋಯಿತು. ಚೌಕಟ್ಟಿನ ಅಂಚಿನಲ್ಲಿ ಪಾದ ಮಾತ್ರ ಕತ್ತರಿಸುವುದು ಹೊಸಬರ ಚಿತ್ರಗಳಲ್ಲಿ ಹೆಚ್ಚು ಕಾಣುವ ತಪ್ಪು. ಕತ್ತರಿಸುವುದಾದರೆ ತೊಡೆ ಮಟ್ಟಕ್ಕೋ ಸೊಂಟಕ್ಕೋ ಕತ್ತರಿಸಿ, ಅದು ಬೇಕೆಂದೇ ಮಾಡಿದಂತೆ ಕಾಣುತ್ತದೆ.

ಕಿಟ್ ಲೆನ್ಸ್‌ಗಳ ಮೇಲೆ ದೂರದ ಗುರುತುಗಳಿರುವುದಿಲ್ಲ. ಅಳೆದು 2.5 ಮೀಟರ್ ದೂರದ ಕಂಬಕ್ಕೆ ಆಟೋಫೋಕಸ್ ಮಾಡಿ, ಆಮೇಲೆ ಮ್ಯಾನ್ಯುಯಲ್‌ಗೆ ಬದಲಿಸಿ, ರಿಂಗ್ ಮುಟ್ಟಬೇಡಿ. ಇಲ್ಲೊಂದು ಮೋಸವಿದೆ. ಮಿರರ್‌ಲೆಸ್ ಕ್ಯಾಮೆರಾಗಳ ಅನೇಕ ಲೆನ್ಸ್‌ಗಳಲ್ಲಿ ಫೋಕಸ್ ನಡೆಯುವುದು ಮೋಟರಿನಿಂದ. ಕ್ಯಾಮೆರಾ ನಿದ್ರೆಗೆ ಜಾರಿ ಎದ್ದರೆ ಫೋಕಸ್ ಮೊದಲಿನ ಜಾಗದಲ್ಲೇ ಇರುತ್ತದೆಂಬ ಖಾತ್ರಿಯಿಲ್ಲ. ಪವರ್ ಸೇವ್ ಸಮಯವನ್ನು ಹೆಚ್ಚಿಸಿ, ಪ್ರತಿ ಹತ್ತು ನಿಮಿಷಕ್ಕೊಮ್ಮೆ ಪರೀಕ್ಷಿಸಿ. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಇನ್ನೊಂದು ಜೇಬಿನಲ್ಲಿರಲಿ.

ಮನೆಯಲ್ಲಿ ಮಾಡಬಹುದಾದ ಅಭ್ಯಾಸ: ಟೇಪು ಹಿಡಿದು ಗೋಡೆಯಿಂದ 1.5, 2.5, 4 ಮೀಟರಿಗೆ ಸೀಮೆಸುಣ್ಣದ ಗೆರೆ ಹಾಕಿ. ಬೆನ್ನು ತಿರುಗಿಸಿ ನಡೆದು, ತಿರುಗಿ ನಿಂತು, ದೂರ ಎಷ್ಟೆಂದು ಹೇಳಿ, ಆಮೇಲೆ ಅಳೆಯಿರಿ. ದಿನಕ್ಕೆ ಐದು ನಿಮಿಷದಂತೆ ಒಂದು ವಾರ ಮಾಡಿದರೆ ಕಣ್ಣು ಪಳಗುತ್ತದೆ.

ಶಟರ್ 1/500 ಏಕೆ

‘ಬೀದಿಗೆ ಶಟರ್ 1/250 ಸೆಕೆಂಡ್ ತೆರೆದರೆ ಸಾಕು’ ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತದೆ. ಲೆಕ್ಕ ಹಾಕಿ ನೋಡಿ. ಮಾಮೂಲಿ ನಡಿಗೆಯ ವೇಗ ಸೆಕೆಂಡಿಗೆ ಸುಮಾರು 1.4 ಮೀಟರ್. 1/60ರಲ್ಲಿ ಶಟರ್ ತೆರೆದಿರುವಷ್ಟು ಹೊತ್ತಿಗೆ ಆತ 23 ಮಿ.ಮೀ ಸರಿದಿರುತ್ತಾನೆ. 2.5 ಮೀಟರ್ ದೂರದಿಂದ 28 ಮಿ.ಮೀ ಲೆನ್ಸ್ ಮೂಲಕ ಅದು ಸೆನ್ಸರ್ ಮೇಲೆ 0.26 ಮಿ.ಮೀ ಗೀರು. ಕಣ್ಣು ‘ಸ್ಪಷ್ಟ’ ಎಂದು ಒಪ್ಪುವ ಮಿತಿ ಸುಮಾರು 0.03 ಮಿ.ಮೀ. 1/250ರಲ್ಲಿ 0.06, ಅಂದರೆ ಮಿತಿಯ ದುಪ್ಪಟ್ಟು. 1/500ರಲ್ಲಿ 0.03; ಸರಿಯಾಗಿ ಗಡಿ ಮೇಲೆ. ನೀವೂ ನಡೆಯುತ್ತಿದ್ದರೆ 1/1000 ಬೇಕು. ಎದುರಿಗೆ ಬರುವವರಿಗೆ 1/250 ಸಾಕಾಗುತ್ತದೆ, ಅವರು ಚೌಕಟ್ಟಿನಲ್ಲಿ ಅಡ್ಡಡ್ಡ ಸರಿಯುವುದಿಲ್ಲವಲ್ಲ.

ಹಾಗಾಗಿ ಹಗಲಿಗೆ ಒಂದೇ ಸಿದ್ಧತೆ ಸಾಕು: ಎಫ್ 8, ಶಟರ್ 1/500ಕ್ಕಿಂತ ನಿಧಾನವಾಗದಂತೆ ಮಿತಿ, ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 200ರಿಂದ 6400ರವರೆಗೆ ಆಟೋ. ಪ್ರಖರ ಬಿಸಿಲಿನಲ್ಲಿ ಐಎಸ್‌ಒ 200, ಎಫ್ 8ಕ್ಕೆ ಶಟರ್ 1/800ರ ಸುತ್ತ ನಿಲ್ಲುತ್ತದೆ. ಕಟ್ಟಡದ ನೆರಳಿಗೆ ಹೋದರೆ ಬೆಳಕು ಮೂರು-ನಾಲ್ಕು ಸ್ಟಾಪ್ ಇಳಿಯುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ಕ್ಯಾಮೆರಾ ಐಎಸ್‌ಒ ಅನ್ನು 1600ರ ಆಸುಪಾಸಿಗೆ ತಾನೇ ಏರಿಸಿಕೊಳ್ಳುತ್ತದೆ. ಐಎಸ್‌ಒ ಏರಿದರೆ ಕಾಳುಕಾಳಾಗುತ್ತದೆಂದು ಹೆದರಬೇಡಿ. ಜಪಾನಿನ ಡೈಡೊ ಮೊರಿಯಾಮಾ ಒರಟು ಕಾಳು, ಅಲುಗಾಟ, ಮಸುಕುಗಳನ್ನೇ ತಮ್ಮ ಭಾಷೆ ಮಾಡಿಕೊಂಡರು, ಅದೂ ಜೇಬಿನಲ್ಲಿ ಹಿಡಿಸುವ ಕ್ಯಾಮೆರಾಗಳಲ್ಲಿ. ಮಸುಕಾದ ಮುಖವನ್ನು ಆಮೇಲೆ ಸರಿಪಡಿಸಲಾಗದು, ಕಾಳು ಬೇಡವಾದರೆ ಕಡಿಮೆ ಮಾಡಬಹುದು.

ಚಿತ್ರವನ್ನು ಕ್ಯಾಮೆರಾದ ಅಂದಾಜಿಗಿಂತ ಬೆಳ್ಳಗೆ ಅಥವಾ ಕಪ್ಪಗೆ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಮೈನಸ್ 2/3ಕ್ಕೆ ಇಡಿ, ಬಿಸಿಲು-ನೆರಳು ಬೆರೆತ ಕಡೆ ಮೈನಸ್ 1. ಚೌಕಟ್ಟಿನ ಬಹುಪಾಲು ಕತ್ತಲಿದ್ದರೆ ಕ್ಯಾಮೆರಾ ಎಲ್ಲವನ್ನೂ ಬೂದುಬಣ್ಣಕ್ಕೆ ತರಲು ಹೋಗಿ ಬಿಸಿಲಿನಲ್ಲಿರುವ ಬಿಳಿ ಪಂಚೆಯನ್ನು ಸುಟ್ಟುಬಿಡುತ್ತದೆ. ಸುಟ್ಟ ಬಿಳಿಯಲ್ಲಿ ವಿವರವೇ ಇರುವುದಿಲ್ಲ. ರಾ ಫೈಲ್‌ನಲ್ಲಿ (ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಉಳಿಸಿದ ಫೈಲ್) ನೆರಳನ್ನು ಮಾತ್ರ ಮೇಲೆತ್ತಲು ಬರುತ್ತದೆ.

ರಾತ್ರಿ ಮತ್ತು ನಸುಕಿಗೆ ಲೆಕ್ಕವೇ ಬೇರೆ. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಹೂವಿನ ವ್ಯಾಪಾರ ಬೆಳಗಾಗುವ ಮುಂಚೆಯೇ ಎಲ್‌ಇಡಿ ಬೆಳಕಿನಲ್ಲಿ ನಡೆಯುತ್ತದೆ. ನಮ್ಮ ವಿದ್ಯುತ್ 50 ಹರ್ಟ್ಸ್, ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅಲ್ಲಿ 1/500 ಇಟ್ಟರೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಪ್ಪಗೆ. ಎಲೆಕ್ಟ್ರಾನಿಕ್ ಶಟರ್ ಆದರೆ ಚಿತ್ರದುದ್ದಕ್ಕೂ ಪಟ್ಟೆ ಪಟ್ಟೆ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ, 1/100 ಅಥವಾ 1/50 ಇಡಿ, ಎಫ್ 2.8ರಿಂದ 4. ಅಷ್ಟು ನಿಧಾನದಲ್ಲಿ ನಡೆಯುವವರು ಅಲುಗುತ್ತಾರೆ. ಆದ್ದರಿಂದ ಕೂತು ಹೂ ಕಟ್ಟುವವರನ್ನು, ಚೌಕಾಸಿಗೆ ನಿಂತವರನ್ನು ತೆಗೆಯಿರಿ. ಈ ಅಪರ್ಚರ್‌ನಲ್ಲಿ ವಲಯ ಫೋಕಸ್ ಕೈಕೊಡುತ್ತದೆ, ಇಲ್ಲಿ ಮಾತ್ರ ಆಟೋಫೋಕಸ್ಸೇ ಸರಿ.

ನಮ್ಮ ಸೂರ್ಯ, ಅವರ ಸೂರ್ಯ

ಪ್ಯಾರಿಸ್ ಮತ್ತು ನ್ಯೂಯಾರ್ಕ್‌ನ ಚಿತ್ರಗಳಲ್ಲಿ ಕಾಣುವ ಉದ್ದುದ್ದ ನೆರಳನ್ನು ನೋಡಿ, ಮಧ್ಯಾಹ್ನ ಹನ್ನೊಂದಕ್ಕೆ ಕ್ಯಾಮೆರಾ ಹಿಡಿದು ಹೊರಟವರಿಗೆ ಇಲ್ಲಿ ಅದು ಸಿಗುವುದಿಲ್ಲ. ಪ್ಯಾರಿಸ್ ಇರುವುದು ಸುಮಾರು 49 ಡಿಗ್ರಿ ಉತ್ತರದಲ್ಲಿ. ಡಿಸೆಂಬರ್ ಕೊನೆಯ ನಡುಮಧ್ಯಾಹ್ನವೂ ಅಲ್ಲಿ ಸೂರ್ಯ 18 ಡಿಗ್ರಿಗಿಂತ ಮೇಲೇರುವುದಿಲ್ಲ, ಮನುಷ್ಯನ ನೆರಳು ಅವನ ಎತ್ತರದ ಮೂರು ಪಟ್ಟು. ಬೆಂಗಳೂರು 13 ಡಿಗ್ರಿಯಲ್ಲಿದೆ. ಇಲ್ಲಿ ಡಿಸೆಂಬರಿನ ನಡುಮಧ್ಯಾಹ್ನವೇ ಸೂರ್ಯ 53 ಡಿಗ್ರಿ ದಾಟಿರುತ್ತಾನೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಂತೂ ನೆತ್ತಿಯ ಮೇಲೆ; ನೆರಳು ಕಾಲಡಿ ಅಡಗಿರುತ್ತದೆ, ಕಣ್ಣುಗಳು ಹುಬ್ಬಿನ ಕತ್ತಲಲ್ಲಿ ಮುಳುಗಿರುತ್ತವೆ.

ಪ್ಯಾರಿಸ್‌ನ ಆ ಚಳಿಗಾಲದ ಮಧ್ಯಾಹ್ನದ ಬೆಳಕು ನಮಗೆ ಸಿಗುವುದು ಸೂರ್ಯ ಹುಟ್ಟಿ ಸುಮಾರು ಒಂದೂಕಾಲು ಗಂಟೆಗೆ, ಮತ್ತೆ ಮುಳುಗುವುದಕ್ಕೆ ಅಷ್ಟೇ ಮುಂಚೆ. ಇದರ ಅತ್ತಿತ್ತ ಒಂದೊಂದು ಗಂಟೆ ಇಟ್ಟುಕೊಂಡರೆ ಬೆಳಿಗ್ಗೆ ಎಂಟೂವರೆಯೊಳಗೆ, ಸಂಜೆ ನಾಲ್ಕೂವರೆ ಮೇಲೆ. ಹೊರಡುವ ಮುಂಚೆ ಬೀದಿ ಯಾವ ದಿಕ್ಕಿಗೆ ಹರಿಯುತ್ತದೆ ನೋಡಿಕೊಳ್ಳಿ. ಪೂರ್ವ-ಪಶ್ಚಿಮದ ಬೀದಿಯಲ್ಲಿ ಈ ಹೊತ್ತಿಗೆ ಬೆಳಕು ನೆಲದುದ್ದಕ್ಕೂ ಹರಿದು ಬರುತ್ತದೆ. ಸೂರ್ಯನಿಗೆ ಮುಖ ಮಾಡಿದರೆ ಕಪ್ಪು ಆಕೃತಿಗಳು, ಬೆನ್ನು ಮಾಡಿದರೆ ಬಣ್ಣ. ಉತ್ತರ-ದಕ್ಷಿಣದ ಬೀದಿಯಲ್ಲಿ ಒಂದು ಪಕ್ಕ ಬಿಸಿಲು, ಇನ್ನೊಂದು ಪಕ್ಕ ನೆರಳು, ಅಡ್ಡರಸ್ತೆ ಸೇರುವ ಕಡೆ ಒಂದು ತುಂಡು ಬಿಸಿಲು. ಆ ತುಂಡಿನ ಎದುರು ನಿಲ್ಲಿ.

ಮಧ್ಯಾಹ್ನ ಹೊರಡಲೇಬೇಕಾದರೆ ಬಯಲು ಬಿಟ್ಟು ಅಂಗಡಿ ಮಾಡಿನ ಅಂಚಿಗೆ ಹೋಗಿ. ರಸ್ತೆಗೆ ಬಡಿದ ಬಿಸಿಲು ಕೆಳಗಿನಿಂದ ಮುಖಕ್ಕೆ ಚಿಮ್ಮುತ್ತದೆ. ಮಾಡಿನೊಳಗೆ ಒಂದು ಮಾರು ಆಳದಲ್ಲಿ ಕೂತವರಿಗೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಟಾರ್ಪಾಲಿನ ಬಣ್ಣ ಗಮನಿಸಿ. ಹಳದಿ ಟಾರ್ಪಾಲಿನ ಕೆಳಗೆ ಮೈಬಣ್ಣ ಬೆಚ್ಚಗಿರುತ್ತದೆ. ನೀಲಿಯ ಕೆಳಗೆ ಎಲ್ಲರೂ ಜ್ವರ ಬಂದವರಂತೆ ಕಾಣುತ್ತಾರೆ. ಅದರ ಜೊತೆ ಒಂದು ಬಲ್ಬೂ ಉರಿಯುತ್ತಿದ್ದರೆ ಒಂದು ಕೆನ್ನೆ ನೀಲಿ, ಒಂದು ಕೆನ್ನೆ ಕಿತ್ತಳೆ. ಅದನ್ನು ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಸರಿಪಡಿಸದು. ಕಪ್ಪು-ಬಿಳುಪು ಮಾಡಿ, ಇಲ್ಲವೇ ಜಾಗ ಬಿಡಿ.

ಗೋಡೆ ಮೊದಲು, ಮನುಷ್ಯ ಆಮೇಲೆ

ಬ್ರೆಸ್ಸನ್ 1932ರಲ್ಲೇ ಫ್ರಾನ್ಸಿನ ಈಯೇರ್ ಎಂಬ ಊರಿನಲ್ಲಿ ತೆಗೆದ ಇನ್ನೊಂದು ಚಿತ್ರವನ್ನು ಹುಡುಕಿ ನೋಡಿ. ಮೇಲಿನಿಂದ ಸುರುಳಿ ಇಳಿಯುವ ಮೆಟ್ಟಿಲು, ಅದರ ಪಕ್ಕದ ಕಬ್ಬಿಣದ ಕಂಬಿ, ಕೆಳಗೆ ಬಳುಕಿದ ರಸ್ತೆ, ಅದರ ಮೂಲೆಯಲ್ಲಿ ಅಲುಗಿ ಹಾರುತ್ತಿರುವ ಸೈಕಲ್ ಸವಾರ. ಸೈಕಲ್ ತೆಗೆದುಹಾಕಿ ಊಹಿಸಿಕೊಂಡರೂ ಚೌಕಟ್ಟು ಪೂರ್ತಿಯಾಗಿದೆ, ಒಬ್ಬ ನಟ ಬರಲೆಂದು ಕಾಯುವ ರಂಗಸ್ಥಳದ ಹಾಗೆ. ಕೆಲಸದ ಕ್ರಮವೂ ಇದೇ.

ಮೊದಲು ಹಿನ್ನೆಲೆ ಆರಿಸಿ: ಒಂದೇ ಬಣ್ಣದ ಗೋಡೆ, ಬಿಸಿಲಿನ ತುಂಡು, ಹಳೆಯ ಕದ, ಸಿನಿಮಾ ಪೋಸ್ಟರ್. ನಾಲ್ಕು ಮೂಲೆ ನೋಡಿ. ವಿದ್ಯುತ್ ತಂತಿ, ನಿಲ್ಲಿಸಿದ ಸ್ಕೂಟರಿನ ಕನ್ನಡಿ, ಬಿಳಿ ಪ್ಲಾಸ್ಟಿಕ್ ಚೀಲ ಮೂಲೆಯಲ್ಲಿದ್ದರೆ ಕಣ್ಣು ಅತ್ತಲೇ ಹೋಗುತ್ತದೆ. ಅರ್ಧ ಹೆಜ್ಜೆ ಸರಿದರೆ ಬಹುತೇಕ ಇವು ಹೊರಗುಳಿಯುತ್ತವೆ. ಖಾಲಿ ಚೌಕಟ್ಟನ್ನು ಒಮ್ಮೆ ಕ್ಲಿಕ್ಕಿಸಿ ಪರದೆಯಲ್ಲಿ ಪರೀಕ್ಷಿಸಿ. ಮನುಷ್ಯ ಎಲ್ಲಿ ಬಂದರೆ ಚೆನ್ನ ಎಂದು ನೆಲದ ಮೇಲೆ ಒಂದು ಗುರುತು ಹಿಡಿಯಿರಿ, ಚರಂಡಿಯ ಕಲ್ಲೋ ಬಣ್ಣದ ಗೆರೆಯೋ, ಮತ್ತು ಫೋಕಸ್ ಅಲ್ಲಿಗೇ ಕಟ್ಟಿ. ಇಪ್ಪತ್ತು ನಿಮಿಷ ಅಲ್ಲೇ ನಿಲ್ಲಿ. ಮೊದಲ ಐದು ನಿಮಿಷ ಎಲ್ಲರೂ ನಿಮ್ಮನ್ನು ನೋಡುತ್ತಾರೆ, ಹತ್ತು ಕಳೆದ ಮೇಲೆ ನೀವು ಲೈಟುಕಂಬಕ್ಕೆ ಸಮ.

ಒತ್ತುವ ಹೊತ್ತು ಯಾವುದು? ನಡೆಯುವವನ ಎರಡು ಕಾಲು ಒಂದರ ಹಿಂದೊಂದು ಮರೆಯಾದಾಗ ಒತ್ತಿದರೆ ಒಂಟಿಕಾಲಿನವನಂತೆ ಕಾಣುತ್ತಾನೆ. ಹೆಜ್ಜೆ ಪೂರ್ತಿ ಚಾಚಿ ಕಾಲುಗಳ ನಡುವೆ ತ್ರಿಕೋನ ತೆರೆದಾಗ ಒತ್ತಬೇಕು. ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಬೀಳುವುದರಿಂದ ಈ ಅವಕಾಶ ಅರ್ಧ ಸೆಕೆಂಡಿಗೊಮ್ಮೆ ಬರುತ್ತದೆ. ಪಾದ ನೆಲ ಮುಟ್ಟುವ ತಾಳವನ್ನು ಎರಡು ಹೆಜ್ಜೆ ಮುಂಚೆಯೇ ಮನಸ್ಸಿನಲ್ಲಿ ಎಣಿಸಿಕೊಂಡರೆ ಬೆರಳು ತಾನಾಗಿ ಸರಿಹೊಂದುತ್ತದೆ. ಬರ್ಸ್ಟ್ (ಬೆರಳು ಒತ್ತಿ ಹಿಡಿದಷ್ಟೂ ಸಾಲಾಗಿ ತೆಗೆಯುವುದು) ಬಳಸುವವರೂ ಇದ್ದಾರೆ, ತಪ್ಪೇನಿಲ್ಲ, ಆದರೆ ಮೂರು-ನಾಲ್ಕು ಫ್ರೇಮಿಗೆ ನಿಲ್ಲಿಸಿ. ಮೂವತ್ತು ಹೊಡೆದರೆ ಮನೆಗೆ ಬಂದು ಆರಿಸುವಾಗ ಜೀವ ಹೋಗುತ್ತದೆ.

ಇಬ್ಬರು ಮೂವರು ಒಟ್ಟಿಗಿದ್ದಾಗ ಆಕೃತಿಗಳು ಒಂದಕ್ಕೊಂದು ಅಂಟಬಾರದು. ತಲೆಗೂ ತಲೆಗೂ ನಡುವೆ, ಕೈಗೂ ಹಿಂದಿನವರ ಮುಖಕ್ಕೂ ನಡುವೆ ಸಣ್ಣದೊಂದು ಸಂದಿ ಬೇಕು. ಕಪ್ಪು ಆಕೃತಿಗಳಿಗಂತೂ ಸಂದಿಯೇ ಸರ್ವಸ್ವ. ಅಂಟಿಕೊಂಡ ಇಬ್ಬರು ನಾಲ್ಕು ಕಾಲಿನ ಮೂಟೆಯಾಗುತ್ತಾರೆ.

ಮೂರು ಪದರ, ಒಂದು ಕಾರು

ಒಬ್ಬ ಮನುಷ್ಯ, ಒಂದು ಗೋಡೆ ಬೇಸರ ಬಂದ ಮೇಲೆ ರಘುಬೀರ್ ಸಿಂಗ್ ಅವರ ಚಿತ್ರಗಳ ಮುಂದೆ ಕೂರಬೇಕು. 1942ರಲ್ಲಿ ಜೈಪುರದಲ್ಲಿ ಹುಟ್ಟಿ 1999ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡವರು. ಗಂಭೀರ ಛಾಯಾಗ್ರಹಣವೆಂದರೆ ಕಪ್ಪು-ಬಿಳುಪು ಎಂದು ಜಗತ್ತು ನಂಬಿದ್ದ ಕಾಲದಲ್ಲೇ ಭಾರತವನ್ನು ಬಣ್ಣದಲ್ಲಲ್ಲದೆ ನೋಡಲಾಗದು ಎಂದು ವಾದಿಸಿದವರು. ಹೌರಾದ ಪಾದಚಾರಿ ಮಾರ್ಗದಲ್ಲಿ ಕನ್ನಡಿ ಮಾರುವ ಅಂಗಡಿಯನ್ನು ಅವರು 1991ರಲ್ಲಿ ತೆಗೆದರು. ಅದರಲ್ಲಿ ಒಂದೇ ಬೀದಿ ಹಲವು ತುಂಡುಗಳಾಗಿ ಒಡೆದು, ಎದುರಿನದ್ದೂ ಬೆನ್ನ ಹಿಂದಿನದ್ದೂ ಒಟ್ಟಿಗೆ ಕಾಣುತ್ತದೆ. ಅಂಬಾಸಿಡರ್ ಕಾರಿನ ಬಾಗಿಲು, ಕಿಟಕಿ, ಕನ್ನಡಿಗಳನ್ನೇ ಚೌಕಟ್ಟು ಮಾಡಿಕೊಂಡು ದೇಶ ಸುತ್ತಿ ತೆಗೆದ ಸರಣಿಯೂ ಅವರದೇ. ಈ ಕೊನೆಯ ಉಪಾಯ ಇವತ್ತಿಗೂ ಎಲ್ಲರ ಕೈಗೆಟಕುವಂಥದ್ದು. ನಿಂತ ಆಟೋದ ಒಳಗೆ ಕೂತು ನೋಡಿ: ಮುಂದಿನ ಗಾಜು, ಎರಡು ತೆರೆದ ಪಕ್ಕ, ಪಕ್ಕದ ಕನ್ನಡಿ. ನಾಲ್ಕು ಚೌಕಟ್ಟು ಸಿದ್ಧವಾಗಿಯೇ ಇವೆ.

ಪದರ ಕಟ್ಟುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ. ಅಪರ್ಚರ್ ಎಫ್ 11. ದೂರದ ಪದರ ಐದಾರು ಮೀಟರಿನಲ್ಲಿ, ಹೆಚ್ಚು ಅಲುಗದ ಏನಾದರೂ: ಹಣ್ಣಿನ ಗಾಡಿ, ಬಸ್ಸಿಗೆ ಕಾಯುವವರು. ನಡು ಪದರ ಮೂರು ಮೀಟರಿನಲ್ಲಿ, ಏನಾದರೂ ಮಾಡುತ್ತಿರುವ ಒಬ್ಬರು. ಮುಂದಿನ ಪದರ ಒಂದೂವರೆ ಮೀಟರಿನಲ್ಲಿ, ಹಾದುಹೋಗುವ ಮುಖ ಅಥವಾ ಕೈ. ಮುಂದಿನದು ನಮ್ಮ ಕೈಲಿಲ್ಲ, ಅದಕ್ಕೇ ಕಾಯಬೇಕಾದದ್ದು. ಮೂರರಲ್ಲಿ ಒಂದು ಪದರ ಖಾಲಿ ಹೊಡೆದರೂ ಚಿತ್ರ ಬರೀ ಗದ್ದಲ. ಹತ್ತರಲ್ಲಿ ಒಂಬತ್ತು ಸಲ ಗದ್ದಲವೇ ಆಗುತ್ತದೆ ಎಂಬುದು ಮೊದಲೇ ಗೊತ್ತಿರಲಿ.

ಜನ ಹರಿಯಲಿ, ಪತ್ರಿಕೆ ನಿಲ್ಲಲಿ

1995ರಲ್ಲಿ ಮುಂಬೈನ ಚರ್ಚ್‌ಗೇಟ್ ನಿಲ್ದಾಣದಲ್ಲಿ ರಘು ರಾಯ್ ತೆಗೆದ ಚಿತ್ರದಲ್ಲಿ ಲೋಕಲ್ ರೈಲಿನ ಜನಸಾಗರ ಹೊಗೆಯಂತೆ ಹರಿಯುತ್ತದೆ. ನಡುವೆ ಅಲುಗದೆ ಪತ್ರಿಕೆ ಓದುವವರು ಮಾತ್ರ ಕಲ್ಲಿನಂತೆ ಸ್ಪಷ್ಟ. ಇಂಥದ್ದಕ್ಕೆ ಬೇಕಾದದ್ದು ನಿಧಾನ ಶಟರ್ ಮತ್ತು ಅಲುಗದ ಒಬ್ಬ ಮನುಷ್ಯ. ಎರಡನೆಯದೇ ಕಷ್ಟ.

ಐಎಸ್‌ಒ 100, ಎಫ್ 16. ತೆರೆದ ನೆರಳಿನಲ್ಲಿ ಇದು 1/6 ಸೆಕೆಂಡಿನ ಸುತ್ತ ಬರುತ್ತದೆ, ಮೇಲ್ಛಾವಣಿಯ ಕೆಳಗೆ 1/2ಕ್ಕೆ ಇಳಿಯುತ್ತದೆ. ಅರ್ಧ ಸೆಕೆಂಡಿನಲ್ಲಿ ನಡೆಯುವವರು 70 ಸೆಂ.ಮೀ ಸರಿಯುತ್ತಾರೆ: ಹರಿದಂತೆ ಕಾಣಲು ಸಾಕು, ಪೂರ್ತಿ ಮಾಯವಾಗುವಷ್ಟಲ್ಲ. 1/30ರಲ್ಲಿ ತೆಗೆದರೆ ಕೈತಪ್ಪಿನಂತೆ ಕಾಣುತ್ತದೆ, ಎರಡು ಸೆಕೆಂಡ್ ದಾಟಿದರೆ ಜನವೇ ಇಲ್ಲ. ಟ್ರೈಪಾಡ್ ಹೂಡಿದರೆ ಕಾವಲುಗಾರರು ಬರುತ್ತಾರೆ. ಮೆಟ್ಟಿಲಿನ ಪಕ್ಕದ ಕಂಬಿಗೋ ಕಂಬಕ್ಕೋ ಕ್ಯಾಮೆರಾ ಒತ್ತಿ ಹಿಡಿದು, ಎರಡು ಸೆಕೆಂಡಿನ ಟೈಮರ್ ಬಳಸಿ. ಬೆರಳಿನ ಒತ್ತಡದ ಅಲುಗಾಟವೂ ತಪ್ಪುತ್ತದೆ. ಬಿಸಿಲಿನಲ್ಲಿ ಇದೇ ಬೇಕೆಂದರೆ ಲೆನ್ಸಿಗೆ ಬರುವ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇಲ್ಲದೆ ಆಗದು.

ಎದುರಿಗಿರುವವರು

ಅಮೆರಿಕದ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ ನ್ಯೂಯಾರ್ಕ್‌ನ ಗುಂಪಿನೊಳಗೇ 28 ಮಿ.ಮೀ ಹಿಡಿದು ನುಗ್ಗುತ್ತಿದ್ದರು. ವಿವಿಯನ್ ಮೇಯರ್ ಕುತ್ತಿಗೆಗೆ ನೇತುಹಾಕಿದ, ಮೇಲಿನಿಂದ ನೋಡುವ ರೋಲಿಫ್ಲೆಕ್ಸ್ ಕ್ಯಾಮೆರಾಗೆ ತಲೆ ಬಗ್ಗಿಸಿ ನೋಡುತ್ತಿದ್ದರು. ಎದುರಿನವರಿಗೆ ಆಕೆ ತಮ್ಮನ್ನೇ ನೋಡುತ್ತಿದ್ದಾರೆ ಎನಿಸುತ್ತಿರಲಿಲ್ಲ, ಕ್ಯಾಮೆರಾ ಹೊಟ್ಟೆ ಮಟ್ಟದಲ್ಲಿದ್ದುದರಿಂದ ಜನ ಎತ್ತರವಾಗಿಯೂ ಕಂಡರು. ಪರದೆ ಮಡಚುವ ಕ್ಯಾಮೆರಾ ಇದ್ದವರಿಗೆ ಅದೇ ಅನುಕೂಲ ಇಂದೂ ಇದೆ. ಹೆಲೆನ್ ಲೆವಿಟ್ ಕ್ಯಾಮೆರಾಗೆ ಲಂಬಕೋನದ ವ್ಯೂಫೈಂಡರ್ ಹಾಕಿ, ತಾವೊಂದು ಕಡೆ ಮುಖ ಮಾಡಿ ಮಕ್ಕಳಾಟವನ್ನು ತೆಗೆದರು. ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕ್ ಸುರಂಗ ರೈಲಿನಲ್ಲಿ ಕೋಟಿನೊಳಗೆ ಕ್ಯಾಮೆರಾ ಬಚ್ಚಿಟ್ಟು ಪ್ರಯಾಣಿಕರನ್ನು ತೆಗೆದರು. ಅವು ಪುಸ್ತಕವಾದದ್ದು 1966ರಲ್ಲಿ, ಕಾಲು ಶತಮಾನದ ನಂತರ. ತೆಗೆದ ಸಂಜೆಯೇ ಇನ್‌ಸ್ಟಾಗ್ರಾಂಗೆ ಏರಿಸುವವರು ಈ ಅಂತರವನ್ನು ಒಮ್ಮೆ ನೆನೆಯಬಹುದು.

ಬಚ್ಚಿಡುವ ಉಪಾಯ ಈಗ ಬೇಡ. ಕ್ಯಾಮೆರಾ ಕಾಣುವಂತಿರಲಿ, ದೇಹ ಅವಸರಪಡದಿರಲಿ. ಚಿತ್ರ ತೆಗೆದ ಕೂಡಲೇ ತಿರುಗಿ ಓಡುವವನನ್ನೇ ಜನ ಅನುಮಾನಿಸುವುದು. ಯಾರಾದರೂ “ಯಾಕೆ ಫೋಟೋ ತೆಗೆದ್ರಿ?” ಎಂದರೆ ನೇರವಾಗಿ ಹೇಳಿ: “ಹೂವಿನ ರಾಶಿ ಮೇಲೆ ಬಿಸಿಲು ಚೆನ್ನಾಗಿ ಬಿದ್ದಿತ್ತು ಅಕ್ಕಾ, ಅದಕ್ಕೆ ತೆಗೆದೆ. ನೋಡಿ. ಬೇಡ ಅಂದ್ರೆ ತೆಗೆದುಹಾಕ್ತೀನಿ.” ತೋರಿಸಿದ ಮೇಲೆ ಬೇಡ ಎನ್ನುವವರು ಕಡಿಮೆ, ಎಂದರೆ ಅವರೆದುರೇ ಅಳಿಸಿ, ವಾದ ಬೇಡ. ಕಳುಹಿಸುತ್ತೇನೆ ಎಂದು ಮಾತು ಕೊಟ್ಟರೆ ಕಳುಹಿಸಲೇಬೇಕು. ಮುಂದಿನ ವಾರ ಒಂದು ಪ್ರಿಂಟ್ ಒಯ್ದು ಕೊಟ್ಟರೆ ಆ ಸಾಲಿನ ಅಂಗಡಿಗಳೆಲ್ಲ ನಿಮ್ಮವು.

ಮಲಗಿದವರು, ಕುಡಿದು ಬಿದ್ದವರು, ಭಿಕ್ಷೆ ಬೇಡುವವರನ್ನು ಬಿಡಿ. ಆ ಚಿತ್ರಗಳು ತೆಗೆಯಲು ಸುಲಭ, ಅದಕ್ಕೇ ಅವು ಅಷ್ಟೊಂದು ಇರುವುದು. ಮಕ್ಕಳ ಚಿತ್ರಕ್ಕೆ ಪಕ್ಕದ ದೊಡ್ಡವರ ಒಪ್ಪಿಗೆ ಪಡೆಯಿರಿ, ತೆಗೆಯುವಾಗ ಮೊಣಕಾಲೂರಿ ಅವರ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ತೆಗೆದ ಮಕ್ಕಳ ಚಿತ್ರಗಳನ್ನು ನೋಡಿದರೆ ಇದು ಏಕೆಂದು ತಿಳಿಯುತ್ತದೆ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವರ ಚಿತ್ರಗಳನ್ನು ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶಿಸಿತು. ಕರುಣೆ ಬೇಡುವ ಮುಖಗಳಲ್ಲ, ತಮ್ಮ ಪಾಡಿಗೆ ತಾವಿರುವ ಮಕ್ಕಳು.

ಕಾನೂನಿನ ವಿಷಯ ಚಿಕ್ಕದಾಗಿ. ಸಾರ್ವಜನಿಕ ಬೀದಿಯಲ್ಲಿ ಫೋಟೋ ತೆಗೆಯುವುದನ್ನು ಸಾರಾಸಗಟಾಗಿ ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ. ಸೇನಾ ಆವರಣ ಹಾಗೂ ‘ಛಾಯಾಗ್ರಹಣ ನಿಷೇಧ’ ಫಲಕವಿರುವ ಕಡೆ ಕ್ಯಾಮೆರಾ ಎತ್ತಬೇಡಿ. ಮಹಿಳೆಯರ ಖಾಸಗಿ ಕ್ಷಣಗಳನ್ನು ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಗುರುತು ಸಿಗುವ ಮುಖವನ್ನು ಜಾಹೀರಾತಿಗೆ ಬಳಸುವುದಾದರೆ ಬರಹದಲ್ಲಿ ಒಪ್ಪಿಗೆ ಬೇಕು.

ಮುನ್ನೂರರಿಂದ ಐದು

ರಾಬರ್ಟ್ ಫ್ರ್ಯಾಂಕ್ 1955-56ರಲ್ಲಿ ಅಮೆರಿಕ ಸುತ್ತಿ ತೆಗೆದದ್ದು ಸುಮಾರು 28,000 ಫ್ರೇಮ್. ‘ದಿ ಅಮೆರಿಕನ್ಸ್’ ಪುಸ್ತಕದಲ್ಲಿ ಉಳಿದದ್ದು 83, ಅಂದರೆ ಮುನ್ನೂರಕ್ಕೂ ಹೆಚ್ಚು ಕ್ಲಿಕ್ಕಿಗೆ ಒಂದು. ಒಂದು ಬೆಳಗಿನಲ್ಲಿ ಮುನ್ನೂರು ಹೊಡೆದು ಹತ್ತು ‘ಅದ್ಭುತ’ ಚಿತ್ರ ಸಿಕ್ಕಿದೆ ಎನಿಸಿದರೆ ಆಯ್ಕೆಯಲ್ಲಿ ಎಡವಟ್ಟಾಗಿದೆ ಎಂದೇ ಲೆಕ್ಕ.

ವಿನೋಗ್ರಾಂಡ್ ತೆಗೆದ ರೋಲುಗಳನ್ನು ಬೇಕೆಂದೇ ತಿಂಗಳುಗಟ್ಟಲೆ ಡೆವಲಪ್ ಮಾಡುತ್ತಿರಲಿಲ್ಲ. ತೆಗೆದ ಹೊತ್ತಿನ ಖುಷಿ ಆರಿದ ಮೇಲೆ ನೋಡಿದರೆ ಚಿತ್ರ ಮಾತ್ರ ಕಾಣುತ್ತದೆ, ನೆನಪು ಅಡ್ಡ ಬರುವುದಿಲ್ಲ. ಅದು ಅತಿಯಾದರೆ ಏನಾಗುತ್ತದೆ ಎಂಬುದಕ್ಕೂ ಅವರೇ ಉದಾಹರಣೆ: 1984ರಲ್ಲಿ ತೀರಿಕೊಂಡಾಗ ಡೆವಲಪ್ ಆಗದೆ ಉಳಿದ ರೋಲುಗಳು ಸುಮಾರು 2,500.

ನಡುದಾರಿ ಹೀಗಿದೆ. ಬಂದ ದಿನವೇ ಕಾರ್ಡಿನಿಂದ ಕಂಪ್ಯೂಟರಿಗೂ ಇನ್ನೊಂದು ಹಾರ್ಡ್ ಡಿಸ್ಕಿಗೂ ನಕಲು ಮಾಡಿ. 24 ಮೆಗಾಪಿಕ್ಸೆಲ್ ರಾ ಫೈಲ್ ಆದರೆ ಮುನ್ನೂರಕ್ಕೆ ಸುಮಾರು 8 ಜಿಬಿ. ಎರಡು ವಾರ ತೆರೆಯಬೇಡಿ. ಆಮೇಲೆ ಸಣ್ಣ ಗಾತ್ರದಲ್ಲಿ, ಪರದೆಗೆ ಇಪ್ಪತ್ತರಂತೆ ನೋಡಿ. ಅಂಚೆಚೀಟಿಯಷ್ಟಿದ್ದಾಗಲೂ ಆಕಾರ ಎದ್ದು ಕಾಣುವಂಥವು ಮೂವತ್ತು ಉಳಿದಾವು. ಪೂರ್ತಿ ಪರದೆಯಲ್ಲಿ ಮೂಲೆ, ಪಾದ, ಸಂದಿ ಪರೀಕ್ಷಿಸಿ ಹತ್ತಕ್ಕೆ ಇಳಿಸಿ. ನಾಲ್ಕು-ಆರು ಇಂಚಿನ ಪ್ರಿಂಟ್ ಹಾಕಿಸಿ, ನೆಲದ ಮೇಲೆ ಹರಡಿ, ಮನೆಯವರು ದಾಟಿ ಓಡಾಡುವ ಕಡೆ ಮೂರು ದಿನ ಬಿಡಿ. ಐದು ಉಳಿದರೆ ಒಳ್ಳೆಯ ತಿಂಗಳು. “ಇದೇನು ತೋರಿಸಕ್ಕೆ ಹೊರಟಿದ್ದೀಯ?” ಎಂದು ಯಾರಾದರೂ ಕೇಳಿ, ಉತ್ತರಕ್ಕೆ ಎರಡು ವಾಕ್ಯ ಬೇಕಾದರೆ ಆ ಚಿತ್ರ ಎತ್ತಿಡಿ.

ಉಳಿದವಕ್ಕೆ ಬಣ್ಣ-ಬೆಳಕಿನ ತಿದ್ದುಪಡಿ ಎರಡು ನಿಮಿಷಕ್ಕಿಂತ ಹೆಚ್ಚು ಬೇಕಾಗಬಾರದು. ವಾಲಿದ ನೆಲವನ್ನು ನೇರ ಮಾಡಿ, ಬಿಳಿ ಇಳಿಸಿ, ನೆರಳು ತುಸು ಎತ್ತಿ, ಅಷ್ಟೇ. ಪ್ರತಿ ಚಿತ್ರದ ಹಿಂದೆ ಊರು, ಬೀದಿ, ತಾರೀಖು, ಹೊತ್ತು ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್ ಪೆನ್ನಿನ ಗೀರು ಮುಂಭಾಗಕ್ಕೆ ಉಬ್ಬಿ ಕಾಣುತ್ತದೆ. ಫೈಲಿನ ಮೆಟಾಡೇಟಾದಲ್ಲೂ ಅದನ್ನೇ ತುಂಬಿ, ಯಾಕೆಂದರೆ ಹತ್ತು ವರ್ಷದಲ್ಲಿ ಆ ಗೋಡೆ ಇರುವುದಿಲ್ಲ, ಅದು ಯಾವ ಬೀದಿ ಎಂದು ತೆಗೆದವರಿಗೇ ನೆನಪಿರುವುದಿಲ್ಲ.